ಶಿಂಷೆಯ ಹಿನ್ನೀರಲ್ಲಿ ಒಂದು ಬೆಳಗ್ಗೆ

ಈಗ ನೀವು ನೋಡ್ತಾ ಇರುವುದು ಶಿಂಷಾ ನದಿ. ಕೆರೆ ತರ ಕಾಣ್ತಿದೆ ಅಲ್ವಾ? ಮಾರ್ಕೋನಹಳ್ಳಿ ಡ್ಯಾಮಿನ ಹಿನ್ನೀರು ಇದು. ಕುಣಿಗಲ್ ತಾಲ್ಲೂಕು.

ಗಾಳಿ ತುಂಬುವ ಕಾಯಕ್ ತಗೊಂಡಾಗ ಮನೆಯಲ್ಲಿ ಎಲ್ಲರೂ ನಕ್ಕರು. ತುಮಕೂರಲ್ಲಿ ದೋಣಿ ಎಲ್ಲಿ ಓಡಿಸ್ತೀಯ ಅಂತ. ತಪ್ಪಿಲ್ಲ ಬಿಡಿ. ನಮ್ಮ ಕಡೆ ನದಿಗಳು ಹುಟ್ಟುತ್ತವೆ, ನಿಲ್ಲುವುದಿಲ್ಲ. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿ ಉತ್ತರಕ್ಕೆ ಹೋಗಿ ಪೆನ್ನಾರ್ ಸೇರುತ್ತದೆ. ಶಿಂಷೆಯೂ ಅದೇ ಬೆಟ್ಟದ್ದು, ಆದರೆ ಹೋಗೋದು ಕಾವೇರಿಗೆ. ಮಧುಗಿರಿ ಕಡೆ ಜಯಮಂಗಲಿ ಸೇತುವೆ ಮೇಲೆ ಬೇಸಿಗೆಯಲ್ಲಿ ನಿಂತು ನೋಡಿ, ಬರೀ ಮರಳು. ಅದಕ್ಕೇ ನಾನು ಹಿನ್ನೀರು ಹುಡುಕಿಕೊಂಡು ಬಂದೆ.

ಬೆಳಗ್ಗೆ ಆರೂವರೆ. ಕಾಲಲ್ಲಿ ಪಂಪ್ ತುಳಿದು ತುಳಿದು ದೋಣಿಗಿಂತ ಮೊದಲು ನನಗೇ ಗಾಳಿ ಹೋಯಿತು. ಲೈಫ್ ಜಾಕೆಟ್ ಹಾಕಿ ಇಳಿದೆ. ಮೊದಲ ಐದು ನಿಮಿಷ ಸುಮ್ನೆ ಇದ್ದಲ್ಲೇ ಗಿರಗಿರ ಸುತ್ತಿದೆ. ಹುಟ್ಟನ್ನು ತೋಳಲ್ಲಿ ಎಳೀಬಾರದು, ಸೊಂಟ ತಿರುಗಿಸಿ ಎಳೀಬೇಕು. ಇದು ಗೊತ್ತಾಗುವಷ್ಟರಲ್ಲಿ ಹುಟ್ಟಿನ ಕೋಲು ಹಿಡಿದು ಇಳಿದ ನೀರು ಮೊಣಕೈಗೆ ಬಂದು, ಅಲ್ಲಿಂದ ಪ್ಯಾಂಟಿಗೆ ತೊಟ್ಟಿಕ್ಕಿ, ಕೂತ ಜಾಗವೆಲ್ಲ ಒದ್ದೆ.

ಅಲ್ಲಿ ದೂರದಲ್ಲಿ ಅಣೆಕಟ್ಟು ಕಾಣ್ತಿದೆಯಲ್ಲ, ಆ ಕಡೆ ನಾನು ಹೋಗಲ್ಲ. ಅಲ್ಲಿರುವುದು ಸೈಫನ್. ನೀರು ತುಂಬಿ ಮಟ್ಟ ದಾಟಿದರೆ ತಾನಾಗೇ ಎಳೆಯೋಕೆ ಶುರು ಮಾಡುತ್ತದೆ. ಗೇಟ್ ಎತ್ತೋಕೆ ಯಾರೂ ಬೇಡ. ಮಳೆಗಾಲ ಮುಗಿಯುವಾಗ ಅದನ್ನು ನೋಡೋಕೆ ಜನ ಬರ್ತಾರೆ. ದಡದಿಂದ ನೋಡೋಕೆ ಚೆಂದ. ದೋಣಿಯಲ್ಲಿ ಕೂತವರಿಗೆ ಅಲ್ಲ.

ಒಂದು ನೀರುಕಾಗೆ ರೆಕ್ಕೆ ಬಿಚ್ಚಿಕೊಂಡು ಒಣ ಮರದ ಮೇಲೆ ಕೂತಿತ್ತು. ಫೋಟೋ ಆಸೆಗೆ ಹತ್ತಿರ ಹೋದೆ. ಅದೇ ತಪ್ಪಾಯಿತು. ನೀರೊಳಗೆ ಮುಳುಗಿದ ಜಾಲಿ ಮುಳ್ಳು. ಪುಸ್ ಅಂತು.

ದೋಣಿಗೆ ಮೂರು ಬೇರೆ ಬೇರೆ ಗಾಳಿ ಚೀಲ ಇರುವುದರಿಂದ ಮುಳುಗಲಿಲ್ಲ. ಬಲಕ್ಕೆ ವಾಲಿಕೊಂಡು ನಿಂತಿತು. ಆಗ ಬಂದರು ನೋಡಿ, ಹರಿಗೋಲಲ್ಲಿ ಒಬ್ಬರು ಮೀನು ಹಿಡಿಯುವವರು. ಒಂದೇ ಹುಟ್ಟು. ಮುಂದಿನ ನೀರನ್ನು ಆಚೆ ಈಚೆ ಸವರಿ ತನ್ನ ಕಡೆಗೆ ಎಳೆದುಕೊಳ್ತಾರೆ, ಅಷ್ಟೇ. ಬುಟ್ಟಿ ನೇರವಾಗಿ ಬರುತ್ತದೆ.

"ಏನ್ ಸಾರ್, ಪಂಚರ್ರಾ?"

"ಹೂಂ ಅಣ್ಣ."

"ಬೆಳಕಾಗೋ ಹೊತ್ತಿಗೆ ಬಲೆ ಎತ್ತಿದೀನಿ, ಹಗ್ಗ ಹಿಡ್ಕಳಿ."

ಹಾಗೆ ನನ್ನ ಕಾಯಕ್ಕನ್ನು ಹರಿಗೋಲು ಎಳೆದುಕೊಂಡು ಬಂತು. ಕ್ಯಾಮೆರಾ ಆಫ್ ಮಾಡಿದ್ದೆ, ಬೇಕಂತಲೇ. ದಡದಲ್ಲಿ ದುಡ್ಡು ಕೊಡೋಕೆ ಹೋದರೆ ತಗೊಳ್ಳಲಿಲ್ಲ, ಮೀನಾದರೂ ತಗೊಳ್ಳಿ ಅಂದರು. ಎರಡು ಕೆ.ಜಿ. ಜಿಲೇಬಿ ಮೀನು ಕೊಂಡೆ. ಹಾಕೋಕೆ ಬೇರೇನೂ ಇರಲಿಲ್ಲ, ಕ್ಯಾಮೆರಾ ಇಡುವ ಡ್ರೈ ಬ್ಯಾಗಿಗೇ ತುಂಬಿದೆ. ಮೂರು ಸಲ ತೊಳೆದಿದ್ದೀನಿ, ವಾಸನೆ ಇನ್ನೂ ಹೋಗಿಲ್ಲ.