ನಿವೃತ್ತರ ಆರೋಗ್ಯ ವಿಮೆ: ಕಂತಿನಾಚೆಯ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಆದಾಯ ತೆರಿಗೆಯಂತಹ ಕೇಂದ್ರ ಸರ್ಕಾರಿ ಇಲಾಖೆಗಳಿಂದ ನಿವೃತ್ತರಾಗಿ ತುಮಕೂರು, ತಿಪಟೂರು, ಶಿರಾ ಕಡೆ ನೆಲೆಸಿದವರಲ್ಲಿ ಕೆಲವರು, ಕೇಂದ್ರ ಸರ್ಕಾರದ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್ ಸೌಲಭ್ಯ ಬೆಂಗಳೂರಿನವರಿಗಷ್ಟೇ ಎಂದು ತಿಳಿದು, ಖಾಸಗಿ ವಿಮೆಯ ಕಂತನ್ನೇ ಕಟ್ಟುತ್ತಾ ಬರುತ್ತಾರೆ. ಅದು ಸರಿಯಲ್ಲ. ಸಿಜಿಎಚ್‌ಎಸ್ ವ್ಯಾಪ್ತಿಯ ಊರುಗಳ ಹೊರಗೆ ವಾಸಿಸುವ ಪಿಂಚಣಿದಾರರು ಹೊರರೋಗಿ ಚಿಕಿತ್ಸೆಗೆಂದು ತಿಂಗಳಿಗೆ 1,000 ರೂಪಾಯಿ ನಿಶ್ಚಿತ ವೈದ್ಯಕೀಯ ಭತ್ಯೆ ಪಡೆಯುತ್ತಲೇ, ವಂತಿಗೆ ಕಟ್ಟಿ ಒಳರೋಗಿ ಚಿಕಿತ್ಸೆಗೆ ಕಾರ್ಡ್ ಮಾಡಿಸಿಕೊಳ್ಳಬಹುದು.

ಏಳನೇ ವೇತನ ಆಯೋಗದ ಆರನೇ ವೇತನ ಹಂತದಲ್ಲಿ ನಿವೃತ್ತರಾದವರ ವಂತಿಗೆ ತಿಂಗಳಿಗೆ 450 ರೂಪಾಯಿ. ಹತ್ತು ವರ್ಷದ ಮೊತ್ತವಾದ 54,000 ರೂಪಾಯಿಯನ್ನು ಒಟ್ಟಿಗೆ ಕಟ್ಟಿದರೆ ಕಾರ್ಡ್ ಜೀವನಪರ್ಯಂತ ನಡೆಯುತ್ತದೆ. ಭತ್ಯೆಯೊಂದರಿಂದಲೇ ನಾಲ್ಕೂವರೆ ವರ್ಷದಲ್ಲಿ ಆ ಹಣ ಹಿಂದಿರುಗುತ್ತದೆ, ಬಿಪಿ, ಶುಗರ್ ಮಾತ್ರೆಗಳಿಗೆ ಅದು ಖರ್ಚಾಗದಿದ್ದರೆ ಎನ್ನಿ. ಇನ್ನು ಖಾಸಗಿ ಪಾಲಿಸಿಯ ಕಂತು ಇಂದು 20,000 ಎಂದಿಟ್ಟುಕೊಂಡರೂ, ವರ್ಷಕ್ಕೆ ಶೇಕಡ 10ರಂತೆ ಏರಿದರೆ ಏಳೆಂಟು ವರ್ಷದಲ್ಲಿ ಇಮ್ಮಡಿಯಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿನ ಜಿಎಸ್‌ಟಿ ರದ್ದಾಗಿರುವುದು ತುಸು ನೆಮ್ಮದಿಯಷ್ಟೇ.

ಆದರೆ ಕಂತಿನ ಹೋಲಿಕೆಗೆ ಲೆಕ್ಕ ಮುಗಿಯುವುದಿಲ್ಲ. ನಿಮ್ಮೂರಿನ ಯಾವ ಆಸ್ಪತ್ರೆ ಸಿಜಿಎಚ್‌ಎಸ್ ಪಟ್ಟಿಯಲ್ಲಿದೆ ಎಂದು ಮೊದಲು ನೋಡಬೇಕು. ಇಲ್ಲವಾದರೆ, ಮಂಡಿಯ ಶಸ್ತ್ರಚಿಕಿತ್ಸೆಗೂ ತುಮಕೂರಿನಿಂದಲೇ ಸುಮಾರು 70 ಕಿಲೋಮೀಟರ್ ದೂರವಿರುವ ಬೆಂಗಳೂರಿಗೆ ಹೋಗಿ, ಜೊತೆಗೆ ಬಂದವರ ಊಟ, ವಸತಿ, ಟ್ಯಾಕ್ಸಿ ಬಾಡಿಗೆಯನ್ನು ಕೈಯಿಂದ ಭರಿಸಬೇಕಾಗುತ್ತದೆ. ತುರ್ತು ಸಂದರ್ಭದಲ್ಲಿ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿದರೆ ಸರ್ಕಾರ ಮರುಪಾವತಿ ಮಾಡುವುದು ತನ್ನ ನಿಗದಿತ ದರದ ಮಟ್ಟಿಗೆ ಮಾತ್ರ. ಬಿಲ್ಲಿನ ಉಳಿದ ಭಾಗ ನಿಮ್ಮ ತಲೆಯ ಮೇಲೆ.

ಆದ್ದರಿಂದ ಕಾರ್ಡ್ ಕೈಗೆ ಬರುವ ಮೊದಲೇ ಹಳೆಯ ಪಾಲಿಸಿಯನ್ನು ಬಿಡಬೇಡಿ. ಒಮ್ಮೆ ಬಿಟ್ಟು ಮತ್ತೆ ಹೊಸದಾಗಿ ಕೊಂಡರೆ, ಮೊದಲೇ ಇರುವ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಕಾರ್ಡ್ ಬಂದ ಮೇಲೂ ಸಣ್ಣ ಮೊತ್ತದ ಪಾಲಿಸಿಯೊಂದನ್ನು ಸ್ಥಳೀಯ ಆಸ್ಪತ್ರೆಗೆಂದು ಉಳಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಅರ್ಜಿಯೊಂದಿಗೆ ಪಿಂಚಣಿ ಆದೇಶದ ಪ್ರತಿ ಬೇಕಾಗುತ್ತದೆ. ಪತ್ನಿಯ ಹೆಸರು ಅದರಲ್ಲಿ ಸರಿಯಾಗಿದೆಯೇ ಎಂದು ಈಗಲೇ ಪರಿಶೀಲಿಸಿಕೊಳ್ಳಿ, ಏಕೆಂದರೆ ಕುಟುಂಬ ಪಿಂಚಣಿದಾರರಿಗೂ ಈ ಸೌಲಭ್ಯವಿದೆ.