ಕಪ್ಪುಕುಳಿಯ ಅಂಚಲ್ಲಿ ತುಂಡಾದ ಎಳೆಗಳು

ನಮಸ್ಕಾರ. ಇವತ್ತು ಸುತ್ತಿ ಬಳಸದೆ ಹೇಳ್ತೀನಿ. ಕಪ್ಪುಕುಳಿಗೆ ಎಂಟ್ರೋಪಿ (ನಮಗೆ ಕಾಣದೆ ಉಳಿದ ಒಳವಿವರದ ಅಳತೆ) ಎಲ್ಲಿಂದ ಬರುತ್ತೆ ಅಂದ್ರೆ, ಕ್ವಾಂಟಂ ಎಂಟ್ಯಾಂಗಲ್‌ಮೆಂಟ್‌ನಿಂದ (ಬೇರೆಬೇರೆ ಭಾಗಗಳ ಕ್ವಾಂಟಂ ಸ್ಥಿತಿಗಳ ತಳುಕಿನಿಂದ) ಅನ್ನೋ ಉತ್ತರವನ್ನ ನಾನು ನಂಬ್ತೀನಿ. ಜನ ಅದನ್ನ ತಳ್ಳಿಹಾಕೋಕೆ ಕೊಡೋ ಕಾರಣವೇ ಅದರ ಪರವಾಗಿರೋ ದೊಡ್ಡ ಸಾಕ್ಷಿ ಅಂತಲೂ ನನಗನ್ಸುತ್ತೆ.

ಕೋಣೆಯೊಳಗಿನ ಗಾಳಿಯ ಎಂಟ್ರೋಪಿ ಕೋಣೆಯ ಗಾತ್ರದ ಜೊತೆ ಬೆಳೆಯುತ್ತೆ. ಕಪ್ಪುಕುಳಿಯದು ಮಾತ್ರ ಹೊರಮೈ ವಿಸ್ತೀರ್ಣದ ಜೊತೆ. ಭೌತವಿಜ್ಞಾನಿ ಬೆಕೆನ್‌ಸ್ಟೀನ್ ಹೇಳಿದ್ದು ಇದನ್ನೇ; 1974ರಲ್ಲಿ ಕಪ್ಪುಕುಳಿಯೂ ಶಾಖ ಸೂಸುತ್ತೆ ಅನ್ನೋ ಹಾಕಿಂಗ್ ಲೆಕ್ಕ ಬಂದ್ಮೇಲೆ ಗಟ್ಟಿಯಾಯ್ತು. ಒಳಗಿರೋದನ್ನೆಲ್ಲ ಬಿಟ್ಟು ಬರೀ ಅಂಚೇ ಯಾಕೆ?

ಒಂದು ಬಟ್ಟೆ ಹರಿದು ನೋಡಿ. ತುಂಡಾಗೋ ಎಳೆಗಳೆಲ್ಲ ಹರಿದ ಅಂಚಲ್ಲೇ ಇರುತ್ವೆ. ಬಟ್ಟೆ ಎಷ್ಟು ದೊಡ್ಡದು ಅನ್ನೋದು ಅಲ್ಲಿ ಲೆಕ್ಕಕ್ಕೇ ಬರಲ್ಲ, ಹರಿದ ಉದ್ದ ಬರುತ್ತೆ. ಖಾಲಿ ಜಾಗವೂ ಹೀಗೇ ನೇಯ್ದುಕೊಂಡಿದೆ: ಅಕ್ಕಪಕ್ಕದ ಬಿಂದುಗಳ ಕ್ವಾಂಟಂ ಕ್ಷೇತ್ರಗಳು ಒಂದಕ್ಕೊಂದು ತಳುಕು ಹಾಕಿಕೊಂಡಿವೆ. ಕಪ್ಪುಕುಳಿ ಒಳಗಿನ ಅರ್ಧವನ್ನ ಮರೆಮಾಡುತ್ತೆ. ಹೊರಗೆ ನಿಂತ ನಮ್ಮ ಪಾಲಿಗೆ ತುಂಡಾದ ಆ ಎಳೆಗಳೇ ಎಂಟ್ರೋಪಿ.

1986ರಲ್ಲಿ ಬೊಂಬೆಲ್ಲಿ, ಕೌಲ್, ಲೀ, ಸಾರ್ಕಿನ್ ಇದನ್ನ ಲೆಕ್ಕಕ್ಕೆ ತಂದ್ರು. 1993ರಲ್ಲಿ ಸ್ರೆಡ್ನಿಕಿ ಕಪ್ಪುಕುಳಿಯನ್ನೇ ಬಿಟ್ಟುಬಿಟ್ರು. ಬರೀ ಖಾಲಿ ಜಾಗ, ಅದರಲ್ಲೊಂದು ಕಲ್ಪನೆಯ ಗೋಳ. ಕ್ಷೇತ್ರವನ್ನ ಸ್ಪ್ರಿಂಗ್ ಕಟ್ಟಿದ ಗುಂಡುಗಳ ಸಾಲಿನ ಥರ ಬಿಡಿಸಿ, ಗೋಳದ ಒಳಗಿನದನ್ನ ಲೆಕ್ಕದಿಂದ ತೆಗೆದ್ರು. ಉಳಿದ ಎಂಟ್ರೋಪಿ ತ್ರಿಜ್ಯದ ವರ್ಗದಂತೆ, ಅಂದ್ರೆ ಹೊರಮೈ ವಿಸ್ತೀರ್ಣದಂತೆ ಬೆಳೀತು! ಗುರುತ್ವದ ಸುಳಿವೇ ಇಲ್ಲದ ಕಡೆ, ಕಪ್ಪುಕುಳಿಯ ನಿಯಮ. ಮೊದಲ ಸಲ ಓದಿದಾಗ ಮೈ ಜುಮ್ಮೆಂದಿತ್ತು ನನಗೆ.

ತಕರಾರು ಏನಂದ್ರೆ, ಗುಂಡುಗಳ ನಡುವಿನ ಅಂತರ ಸೊನ್ನೆ ಮಾಡಿದ್ರೆ ಉತ್ತರ ಅನಂತ. ಹೌದು, ಎಳೆ ಸಣ್ಣದಾದಷ್ಟೂ ತುಂಡಾಗೋದು ಹೆಚ್ಚು. ಆದ್ರೆ ಕಪ್ಪುಕುಳಿಯ ಎಂಟ್ರೋಪಿ ಅನಂತ ಅಲ್ಲ. ಸೂರ್ಯನಷ್ಟು ತೂಕದ್ದಕ್ಕೆ, ಬೋಲ್ಟ್ಸ್‌ಮನ್ ಸ್ಥಿರಾಂಕದ ಅಳತೆಯಲ್ಲಿ, ಸುಮಾರು 10ರ 77ನೇ ಘಾತ. ಹಾಗಾದ್ರೆ ನೇಯ್ಗೆಗೆ ಒಂದು ಕನಿಷ್ಠ ಎಳೆ ಇರಲೇಬೇಕಲ್ವಾ? ಅಂತರವನ್ನ ಪ್ಲಾಂಕ್ ಉದ್ದದ (ಗುರುತ್ವ, ಕ್ವಾಂಟಂ ಎರಡೂ ಒಟ್ಟಿಗೆ ಲೆಕ್ಕಕ್ಕೆ ಬರೋ ಅತಿ ಸಣ್ಣ ಅಳತೆ) ಆಸುಪಾಸಲ್ಲಿ ಇಟ್ರೆ ಉತ್ತರ ಸರಿಯಾದ ಅಂದಾಜಿಗೇ ಬಂದು ನಿಲ್ಲುತ್ತೆ.

ಅದಕ್ಕೇ 1986ರ ಆ ಲೆಕ್ಕದ ಮರುವರ್ಷ, 1987ರಲ್ಲಿ, ಬೊಂಬೆಲ್ಲಿ, ಲೀ, ಸಾರ್ಕಿನ್ ಮೂವರೂ ಮೇಯರ್ ಜೊತೆ ಸೇರಿ ದೇಶಕಾಲವೇ ಬಿಡಿಬಿಡಿ ಬಿಂದುಗಳದ್ದು ಅನ್ನೋ ಕಾಸಲ್ ಸೆಟ್ ಪ್ರಬಂಧ ಬರೆದದ್ದು ನನಗೆ ಆಕಸ್ಮಿಕ ಅನ್ಸಲ್ಲ. ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ಸುಮತಿ ಸೂರ್ಯ ಅವರು ಇದರ ಮೇಲೇ ಕೆಲಸ ಮಾಡಿದ್ದಾರೆ. ದಾರಿ ಸಲೀಸಲ್ಲ. ಆ ಬಿಂದುಗಳ ಮೇಲೆ ಎಂಟ್ರೋಪಿ ಲೆಕ್ಕ ಹಾಕಿದ್ರೆ ಅದು ಮತ್ತೆ ಗಾತ್ರದ ಜೊತೆಗೇ ಬೆಳೆಯುತ್ತೆ. ಆ ಲೆಕ್ಕದೊಳಗೆ ಬರೋ ಸಂಖ್ಯೆಗಳಲ್ಲಿ ಅತಿ ಸಣ್ಣವನ್ನ ಕೈಬಿಟ್ರೆ ಮಾತ್ರ ಅಂಚಿನ ನಿಯಮ ಸಿಗುತ್ತೆ. ಹಾಗೆ ಕೈಬಿಡೋಕೆ ಪ್ರಕೃತಿಯಲ್ಲಿ ಏನು ಕಾರಣ ಇದೆ? ನನ್ನ ನಿದ್ದೆ ಕೆಡಿಸಿರೋ ಪ್ರಶ್ನೆ ಇದು.