ಚಿಗರಿ ಓಡಿಸಲು ದುಡ್ಡು ಕೊಡಬೇಕಾದವರು ಯಾರು?

ನಮಸ್ಕಾರ. ಇವತ್ತು ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಗ್ಗೆ ಮಾತಾಡೋಣ. ರಸ್ತೆಯ ನಡುವೆ ಬಸ್ಸಿಗೆಂದೇ ಬಿಟ್ಟ ದಾರಿ ಅದು. ಅದರಲ್ಲಿ ಓಡುವ ಎಸಿ ಬಸ್ಸಿನ ಹೆಸರೇ ಚಿಗರಿ. ಬಿಆರ್‌ಟಿಎಸ್ ತೆಗೆದುಬಿಡಿ, ನಡುವಿನ ದಾರಿಯನ್ನು ಎಲ್ಲ ವಾಹನಗಳಿಗೂ ಬಿಟ್ಟುಕೊಡಿ ಎನ್ನುವ ಕೂಗು ಜೋರಾಗಿದೆ. ಜನಪ್ರತಿನಿಧಿಗಳೂ ಹೇಳುತ್ತಿದ್ದಾರೆ, ಪಕ್ಕದ ಲೇನ್‌ನಲ್ಲಿ ಸಿಕ್ಕಿಕೊಂಡ ಬೈಕ್ ಸವಾರರೂ ಹೇಳುತ್ತಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ.

ಹಾಗಂತ ಅವರ ಸಿಟ್ಟು ಸುಳ್ಳಲ್ಲ. ಜೋರು ಮಳೆ ಬಂದರೆ ಧಾರವಾಡದ ಟೋಲ್ ನಾಕಾ ಹತ್ತಿರ ನೀರು ನಿಲ್ಲುತ್ತದೆ. ನಿಲ್ದಾಣಗಳು ರಸ್ತೆಯ ನಟ್ಟನಡುವೆ ಇವೆ. ಅಲ್ಲಿಗೆ ತಲುಪಲು ವಯಸ್ಸಾದವರು, ಕೈಯಲ್ಲಿ ಮಗು ಇರುವವರು ಓಡುವ ವಾಹನಗಳನ್ನು ದಾಟಿ ಹೋಗಬೇಕು. ಊರೊಳಗೆ ಕೆಲವು ಕಡೆ ಚಿಗರಿಗೆ ಪ್ರತ್ಯೇಕ ದಾರಿಯೇ ಇಲ್ಲ. ಅಲ್ಲಿ ಆಟೋ, ಟೆಂಪೋಗಳ ಜೊತೆಯಲ್ಲೇ ನುಗ್ಗಿ ಹೋಗಬೇಕು. ಇವೆಲ್ಲ ಸರಿಯಾದ ದೂರುಗಳೇ. ಆದರೆ ಇವು ರಿಪೇರಿ ಮಾಡುವಂಥ ದೂರುಗಳು. ಇದಕ್ಕಾಗಿ ಇಡೀ ದಾರಿಯನ್ನೇ ಕಿತ್ತುಹಾಕಬೇಕಾ?

ನನ್ನ ಪ್ರಕಾರ ನಿಜವಾದ ತಪ್ಪು ಸಿಮೆಂಟಿನಲ್ಲಿ ಆಗಿಲ್ಲ, ಲೆಕ್ಕದ ಪುಸ್ತಕದಲ್ಲಿ ಆಗಿದೆ.

ಈ ಯೋಜನೆ ಬಂದ ದಾರಿ ನೋಡಿ. ಸುಮಾರು 22 ಕಿಲೋಮೀಟರ್ ಕಾರಿಡಾರ್. ಖರ್ಚು ಸುಮಾರು 970 ಕೋಟಿ ರೂಪಾಯಿ. ಕೇಂದ್ರದ ಸುಸ್ಥಿರ ನಗರ ಸಾರಿಗೆ ಯೋಜನೆಯ ಅಡಿಯಲ್ಲಿ ವಿಶ್ವ ಬ್ಯಾಂಕ್ ನೆರವು ಸಿಕ್ಕಿತು, ರಾಜ್ಯ ಸರ್ಕಾರ ದುಡ್ಡು ಹಾಕಿತು. 2012ರಲ್ಲಿ ಇದಕ್ಕಾಗಿಯೇ ಒಂದು ಕಂಪನಿ ಹುಟ್ಟಿತು. ರಸ್ತೆ ಅಗಲ ಮಾಡಲು ಒಂದು ಸಂಸ್ಥೆ, ಯೋಜನೆ ನೋಡಿಕೊಳ್ಳಲು ಬೆಂಗಳೂರಿನಲ್ಲಿ ಕೂತ ನಗರ ಭೂ ಸಾರಿಗೆ ನಿರ್ದೇಶನಾಲಯ, ಬಸ್ ಓಡಿಸಲು ವಾಯವ್ಯ ಸಾರಿಗೆ ನಿಗಮ. 2018ರ ಅಕ್ಟೋಬರ್ 2ರಂದು ಪ್ರಾಯೋಗಿಕವಾಗಿ ಬಸ್ ಓಡಾಟ ಶುರುವಾಯಿತು. 2020ರ ಫೆಬ್ರವರಿ 2ರಂದು ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಬಂದು ಉದ್ಘಾಟನೆ ಮಾಡಿದರು.

ಆ ಉದ್ಘಾಟನೆಯ ದಿನ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯಲ್ಲಿ ಜನ ಆರಿಸಿದ ಒಬ್ಬ ಸದಸ್ಯರೂ ಇರಲಿಲ್ಲ. ಹಳೆಯ ಕೌನ್ಸಿಲ್ ಅವಧಿ 2019ರಲ್ಲೇ ಮುಗಿದಿತ್ತು. ಮುಂದಿನ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್‌ನಲ್ಲಿ. 2011ರ ಜನಗಣತಿಯಲ್ಲೇ 9.4 ಲಕ್ಷ ಜನ ಇದ್ದ ಊರು ಇದು. ಇಲ್ಲಿನ ಅತಿ ದೊಡ್ಡ ಸಾರಿಗೆ ಯೋಜನೆ ಕೈಗೆ ಬಂದಾಗ, ಇದು ನನ್ನದು, ಇದರ ಹೊಣೆ ನನ್ನದು ಎನ್ನಲು ಊರಿನ ಕಡೆಯಿಂದ ಒಬ್ಬರೂ ಇರಲಿಲ್ಲ.

ಕಟ್ಟುವ ದುಡ್ಡು ಹೇಗೋ ಬಂತು. ಓಡಿಸುವ ದುಡ್ಡು? ಎಸಿ ಬಸ್ಸಿನ ಡೀಸೆಲ್, ಡ್ರೈವರ್ ಸಂಬಳ, ಬಿಡಿಭಾಗ, ನಿಲ್ದಾಣದ ಗೇಟು, ಲೈಟು, ಕಸ ಗುಡಿಸುವವರು, ಕೌಂಟರ್‌ನಲ್ಲಿ ಕೂರುವವರು. ಪ್ರತಿ ತಿಂಗಳೂ ಬೇಕಾಗುವ ದುಡ್ಡು ಇದು. ಟಿಕೆಟ್ ದುಡ್ಡಿನಲ್ಲಿ ಇಷ್ಟೂ ಹುಟ್ಟಬೇಕು ಎಂದು ಕೂತರೆ ಒಂದೋ ದರ ಏರಿಸಬೇಕು, ಇಲ್ಲ ಬಸ್ ಕಡಿಮೆ ಮಾಡಬೇಕು. ಎಮ್ಮೆ ಕೊಂಡು ತಂದು, ಮೇವಿಗೆ ಮಾತ್ರ ಹಾಲು ಮಾರಿದ ದುಡ್ಡಲ್ಲೇ ನೋಡಿಕೋ ಎಂದ ಹಾಗಾಯಿತು. ಸಾಲದ್ದಕ್ಕೆ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಅದು ಒಳ್ಳೆಯ ಯೋಜನೆ. ಆದರೆ ಅದರಲ್ಲಿ ಎಸಿ ಬಸ್ ಸೇರಿಲ್ಲ. ಸಾದಾ ಬಸ್ಸಿನಲ್ಲಿ ಪುಕ್ಕಟೆ ಹೋಗಬಹುದಾದಾಗ ಒಬ್ಬ ಮಹಿಳೆ ಚಿಗರಿಗೆ ಯಾಕೆ ಟಿಕೆಟ್ ತೆಗೆಯಬೇಕು? ಒಂದೇ ಸರ್ಕಾರದ ಎರಡು ಕೈ, ಎರಡು ಕಡೆ ಎಳೆಯುತ್ತಿವೆ.

ಈಗ ಒಂದು ಸಣ್ಣ ಲೆಕ್ಕ. ಕಾರಿಡಾರ್‌ನಲ್ಲಿ ಒಂದು ದಿಕ್ಕಿಗೆ ಎರಡು ನಿಮಿಷಕ್ಕೊಂದು ಬಸ್ ಬರುತ್ತದೆ, ಒಂದೊಂದರಲ್ಲಿ 60 ಜನ ಇದ್ದಾರೆ ಎಂದು ಇಟ್ಟುಕೊಳ್ಳಿ. ಗಂಟೆಗೆ 30 ಬಸ್, 1,800 ಜನ. ಇದೇ ಜನ ಕಾರಿಗೆ ಇಬ್ಬರಂತೆ ಹೊರಟರೆ ಗಂಟೆಗೆ 900 ಕಾರು. ಉಣಕಲ್ ಹತ್ತಿರ ಒಂದು ಗಂಟೆಯಲ್ಲಿ ಇನ್ನೂ 900 ಕಾರು ಬಂದರೆ ಏನಾಗುತ್ತದೆ, ಅಲ್ಲಿ ಓಡಾಡುವವರಿಗೆ ನಾನು ಹೇಳಬೇಕಾಗಿಲ್ಲ. ಈಗ ಅದೇ ಲೆಕ್ಕದಲ್ಲಿ ಹತ್ತು ನಿಮಿಷಕ್ಕೊಂದು ಬಸ್ ಎಂದು ಹಾಕಿ. ಗಂಟೆಗೆ 6 ಬಸ್, 360 ಜನ. ಬರೀ 180 ಕಾರಿಗೆ ಸಮ. ಆಗ ದಾರಿ ಖಾಲಿ ಹೊಡೆಯುತ್ತದೆ. ಇಷ್ಟು ಅಗಲದ ಜಾಗ ಸುಮ್ನೆ ಬಿದ್ದಿದೆಯಲ್ಲ, ನಮಗೆ ಕೊಡಿ ಎಂದು ಪಕ್ಕದಲ್ಲಿ ನಿಂತವರು ಕೇಳುವುದು ನ್ಯಾಯ ಅನಿಸುತ್ತದೆ.

ಅಂದರೆ ಈ ದಾರಿ ಸರಿಯೋ ತಪ್ಪೋ ಎನ್ನುವುದು ಬಸ್ ಎಷ್ಟು ಹೊತ್ತಿಗೊಂದು ಬರುತ್ತದೆ ಎನ್ನುವುದರ ಮೇಲೆ ನಿಂತಿದೆ. ಬಸ್ ಎಷ್ಟು ಹೊತ್ತಿಗೊಂದು ಬರುತ್ತದೆ ಎನ್ನುವುದು ವರ್ಷವರ್ಷವೂ ಯಾರು ಎಷ್ಟು ದುಡ್ಡು ಇಡುತ್ತಾರೆ ಎನ್ನುವುದರ ಮೇಲೆ. ಆ ದುಡ್ಡು ಇಡಲು ಒಬ್ಬರನ್ನೂ ಗೊತ್ತು ಮಾಡದೆ, ಆಮೇಲೆ ಬಸ್ ಕಡಿಮೆಯಾಯಿತು, ಯೋಜನೆ ವಿಫಲ ಎಂದು ಷರಾ ಬರೆಯುವುದು ಯಾವ ನ್ಯಾಯ?

ಇನ್ನೊಂದು ತೊಡಕು ಇದೆ, ಇದನ್ನು ಯಾರೂ ಜಾಸ್ತಿ ಮಾತಾಡುವುದಿಲ್ಲ. ಕಾರಿಡಾರ್ ನಿಲ್ದಾಣಗಳು ರಸ್ತೆಯ ನಡುವೆ, ಎತ್ತರದ ಪ್ಲಾಟ್‌ಫಾರ್ಮ್ ಮೇಲೆ ಇವೆ. ಅಲ್ಲಿ ಹತ್ತಿ ಇಳಿಯಲು ಬಸ್ಸಿಗೆ ಬಲಬದಿಯಲ್ಲಿ, ಅದೇ ಎತ್ತರದಲ್ಲಿ ಬಾಗಿಲು ಬೇಕು. ಒಂದು ಚಿಗರಿ ಕೆಟ್ಟು ನಿಂತರೆ ಡಿಪೋದಿಂದ ಯಾವುದೋ ಒಂದು ನಗರ ಸಾರಿಗೆ ಬಸ್ ತಂದು ಅದರ ಜಾಗಕ್ಕೆ ಹಾಕಲು ಬರುವುದಿಲ್ಲ. ಈ ದಾರಿಗೆ ಈ ಬಸ್ಸೇ ಬೇಕು. ಬಸ್ ಹಳೆಯದಾಗುತ್ತದೆ ಎಂದು ಮೊದಲ ದಿನದಿಂದಲೇ ಎಲ್ಲರಿಗೂ ಗೊತ್ತಿತ್ತು. ಹೊಸ ಬಸ್ಸಿಗೆಂದು ವರ್ಷಕ್ಕಿಷ್ಟು ಎಂದು ಎತ್ತಿಡಬೇಕಿತ್ತು. ಈಗ ಎಲೆಕ್ಟ್ರಿಕ್ ರ‍್ಯಾಪಿಡ್ ಟ್ರಾನ್ಸಿಟ್, ಅಂದರೆ ಉದ್ದನೆಯ ಎಲೆಕ್ಟ್ರಿಕ್ ಬಸ್ ತರೋಣ ಎಂಬ ಮಾತು ನಡೆದಿದೆ. ಬರಲಿ, ನನಗೇನೂ ತಕರಾರಿಲ್ಲ. ಆದರೆ ಅದನ್ನು ಓಡಿಸುವ ದುಡ್ಡು ಎಲ್ಲಿಂದ ಎಂಬ ಪ್ರಶ್ನೆಗೆ ಮೊದಲು ಉತ್ತರ ಬರಲಿ. ಇಲ್ಲದಿದ್ದರೆ ಬಸ್ ಬದಲಾಗುತ್ತದೆ, ಕಥೆ ಬದಲಾಗುವುದಿಲ್ಲ.

ಬೇರೆ ಊರಿನವರು ಏನು ಮಾಡಿದರು ಎಂದು ಕೇಳುತ್ತೀರಿ. ದೆಹಲಿ ತನ್ನ 5.8 ಕಿಲೋಮೀಟರ್ ಬಿಆರ್‌ಟಿಯನ್ನು ಕಿತ್ತುಹಾಕಿತು. ಭೋಪಾಲ್ ಕಿತ್ತಿತು. ಇಂದೋರ್‌ನಲ್ಲೂ ತೆಗೆಯಲು 2025ರಲ್ಲಿ ಹೈಕೋರ್ಟ್ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ ಕಿತ್ತುಹಾಕಿ ಎನ್ನುವವರು ಇವೇ ಹೆಸರು ಹೇಳುತ್ತಾರೆ. ಅವರು ಪುಣೆಯನ್ನೂ ನೋಡಬೇಕು. ಪುಣೆ ಮತ್ತು ಪಿಂಪ್ರಿ-ಚಿಂಚವಾಡ ಪಕ್ಕಪಕ್ಕದ ಎರಡು ಪಾಲಿಕೆಗಳು. ಇಬ್ಬರ ಬಸ್ ಸಂಸ್ಥೆಗಳನ್ನೂ ಸೇರಿಸಿ 2007ರಲ್ಲಿ ಪಿಎಂಪಿಎಂಎಲ್ ಎಂಬ ಒಂದೇ ಕಂಪನಿ ಮಾಡಿದರು. ಅದರಲ್ಲಿ ಪುಣೆ ಪಾಲಿಕೆಯ ಪಾಲು ಶೇ. 60, ಪಿಂಪ್ರಿಯದ್ದು ಶೇ. 40. ಬಸ್ ನಡೆಸಲು ಆಗುವ ಕೊರತೆಯನ್ನೂ ಅದೇ ಲೆಕ್ಕದಲ್ಲಿ ಹಂಚಿಕೊಂಡು ಬಂದಿದ್ದಾರೆ. ಪುಣೆಯಲ್ಲಿ ಎಲ್ಲವೂ ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ. ಅಲ್ಲೂ ಕೆಲವು ಕಡೆ ಬಿಆರ್‌ಟಿ ಲೇನ್ ಕಿತ್ತಿದ್ದಾರೆ. ಆದರೆ ಬಸ್ ಬರಲಿಲ್ಲ ಎಂದು ಯಾರ ಕೊರಳಪಟ್ಟಿ ಹಿಡಿಯಬೇಕು ಎನ್ನುವುದು ಅಲ್ಲಿನ ಜನರಿಗೆ ಗೊತ್ತು. ನಮ್ಮಲ್ಲಿ ಪಾಲಿಕೆಯನ್ನು ಕೇಳಿದರೆ ನಿಗಮ ಎನ್ನುತ್ತದೆ, ನಿಗಮವನ್ನು ಕೇಳಿದರೆ ಸರ್ಕಾರ ಎನ್ನುತ್ತದೆ.

ನಮ್ಮ ಪಾಲಿಕೆಗಳ ಹತ್ತಿರ ದುಡ್ಡೆಲ್ಲಿದೆ ಎನ್ನುವವರಿಗೆ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಮನೆಯ ಆಸ್ತಿ ತೆರಿಗೆ ಚಲನ್ ತೆಗೆದು ನೋಡಿ. ಆರೋಗ್ಯ ಸೆಸ್, ಗ್ರಂಥಾಲಯ ಸೆಸ್, ಭಿಕ್ಷುಕರ ಸೆಸ್ ಜೊತೆಗೆ ನಗರ ಸಾರಿಗೆ ಸೆಸ್ ಎಂದು ಶೇ. 2 ಇರುತ್ತದೆ. ಅಂದರೆ ಸಾರಿಗೆಗಾಗಿ ನಾವು ಆಗಲೇ ಕಟ್ಟುತ್ತಿದ್ದೇವೆ. ಆದರೆ ಅದು ರಾಜ್ಯ ಮಟ್ಟದ ನಗರ ಸಾರಿಗೆ ನಿಧಿಗೆ ಹೋಗುತ್ತದೆ. ಯಾವ ಊರಿನ ಯಾವ ಕೆಲಸಕ್ಕೆ ಎಷ್ಟು ಎನ್ನುವುದು ನಮ್ಮ ವಾರ್ಡಿನಲ್ಲಿ ಚರ್ಚೆಯಾಗುವುದಿಲ್ಲ. ಶೇ. 2ರಲ್ಲಿ ಎಲ್ಲ ಆಗಿಬಿಡುತ್ತದೆ ಎನ್ನುವ ಭ್ರಮೆ ನನಗಿಲ್ಲ. ಆದರೆ ನಮ್ಮಿಂದ ತೆಗೆದುಕೊಂಡ ದುಡ್ಡಿನ ಬಗ್ಗೆ ತೀರ್ಮಾನ ಮಾಡುವ ಮೇಜಿನ ಮುಂದೆ ನಮ್ಮವರೂ ಕೂರಬೇಕು, ಅಲ್ವಾ?

ಓಡಿಸಲು ದುಡ್ಡು ಕೊಡುವುದು ಸರ್ಕಾರಗಳಿಗೆ ಗೊತ್ತಿಲ್ಲದ ವಿದ್ಯೆಯೂ ಅಲ್ಲ. 2023ರಲ್ಲಿ ಕೇಂದ್ರ ಒಪ್ಪಿದ ಪಿಎಂ ಇ-ಬಸ್ ಸೇವಾ ಯೋಜನೆಯಲ್ಲಿ 10,000 ಎಲೆಕ್ಟ್ರಿಕ್ ಬಸ್ ಇವೆ. ಅವುಗಳನ್ನು ಹತ್ತು ವರ್ಷ ನಡೆಸಲು ನೆರವು ಕೊಡುವುದಾಗಿ ಅದರಲ್ಲೇ ಬರೆದಿದೆ. ಅದೇ ಬುದ್ಧಿ ಚಿಗರಿಗೂ ಬೇಕಿತ್ತು.

ಈಗ ಇದೆಲ್ಲ ಯಾಕೆ ಅವಸರದ ಮಾತು ಎಂದರೆ, 2025ರ ಜನವರಿಯಲ್ಲಿ ರಾಜ್ಯ ಸಂಪುಟ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ಮಾಡಲು ಒಪ್ಪಿಗೆ ಕೊಟ್ಟಿದೆ. ಧಾರವಾಡದವರು ಎಷ್ಟೋ ವರ್ಷ ಹೋರಾಡಿ ಕೇಳಿದ್ದು ಇದು. ನನಗೂ ಖುಷಿಯೇ. ಆದರೆ 1962ರಿಂದ ಒಂದೇ ಪಾಲಿಕೆ ಇದ್ದಾಗಲೇ ಈ ದಾರಿಗೆ ಯಜಮಾನ ಸಿಗಲಿಲ್ಲ. ಎರಡಾದ ಮೇಲೆ? ಎರಡೂ ಊರಿನ ನಡುವೆ ಇರುವ ನವಲೂರಿನ ಹತ್ತಿರ ದಾರಿಯಲ್ಲಿ ಗುಂಡಿ ಬಿದ್ದರೆ ಯಾರು ಮುಚ್ಚಬೇಕು? ಟೋಲ್ ನಾಕಾದ ನೀರು ಯಾರದ್ದು? ಬೆಳಿಗ್ಗೆ ಧಾರವಾಡದಲ್ಲಿ ಹತ್ತಿ ಹುಬ್ಬಳ್ಳಿಯಲ್ಲಿ ಇಳಿಯುವ ನೌಕರ ಯಾವ ಪಾಲಿಕೆಯ ಲೆಕ್ಕಕ್ಕೆ ಸೇರುತ್ತಾನೆ?

ಆಸ್ತಿ ಹಂಚುವಾಗ, ಸಿಬ್ಬಂದಿ ಹಂಚುವಾಗ, ಈ ಕಾರಿಡಾರ್ ಅನ್ನು ಮಾತ್ರ ಹಂಚದೆ ಇಬ್ಬರ ಜಂಟಿ ಖಾತೆಯಲ್ಲಿ ಇಡಬೇಕು. ಎರಡೂ ಪಾಲಿಕೆ, ಸಾರಿಗೆ ನಿಗಮ, ಸಂಚಾರ ಪೊಲೀಸರು ಕೂರುವ ಒಂದು ಸಮಿತಿ ಬೇಕು. ಚುನಾಯಿತ ಸದಸ್ಯರು ಅದರಲ್ಲಿ ಇರಲೇಬೇಕು. ಯಾರ ಪಾಲು ಎಷ್ಟು ಎಂದು ಕಾಗದದ ಮೇಲೆ ಬರಬೇಕು, ರಾಜ್ಯದ ಪಾಲೂ ಸೇರಿ. ಪ್ರತಿ ವರ್ಷ ಬಜೆಟ್‌ನಲ್ಲಿ ಚಿಗರಿ ಓಡಿಸಲು ಇಷ್ಟು ಎಂಬ ಒಂದು ಸಾಲು ಇರಬೇಕು. ಆ ದುಡ್ಡಿಗೆ ಎಷ್ಟು ನಿಮಿಷಕ್ಕೊಂದು ಬಸ್ ಕೊಡುತ್ತೀರಿ ಎಂದೂ ಅಲ್ಲೇ ಬರೆದಿರಬೇಕು.

ಪಾಲಿಕೆ ಬಜೆಟ್‌ಗೆ ಮುಂಚೆ ಸಾರ್ವಜನಿಕರ ಸಲಹೆ ಕೇಳುವ ಸಭೆ ನಡೆದರೆ ದಯವಿಟ್ಟು ಹೋಗಿ. ಗಟಾರ, ಬೀದಿದೀಪದ ಜೊತೆಗೆ ಈ ಸಾಲನ್ನೂ ಕೇಳಿ. ನಿಮ್ಮ ವಾರ್ಡಿನ ಸದಸ್ಯರ ಉತ್ತರ ಏನಿತ್ತು ಎಂದು ಕೆಳಗೆ ಬರೆಯಿರಿ. ಬಂದ ಉತ್ತರಗಳನ್ನು ಇಟ್ಟುಕೊಂಡು ಮುಂದಿನ ವಿಡಿಯೋ ಮಾಡುತ್ತೇನೆ.